ಲಿಂಕ್ ಮಹಾಶಯರಿಗೊಂದು ಬಹಿರಂಗ ಮನವಿ

ಇವರಿಗೆ,
ಮಾನ್ಯ ಲಿಂಕ್ ಮಹಾಶಯರು,
ಶಿಕ್ಷಕರ ವಾಟ್ಸಾಪ್ ಗುಂಪು.

ವಿಷಯ: ಶಾಲಾ ಗ್ರಂಥಾಲಯದ ಕಪಾಟಿನಿಂದ ಪುಸ್ತಕ ಹೊರತೆಗೆಯುವ ಬಗ್ಗೆ.
ಉಲ್ಲೇಖ: ನಿನ್ನೆ ರಾತ್ರಿ ಊಟದ ಹೊತ್ತಿಗೆ ಬಂದ ತಮ್ಮ ‘ಅತಿ ತುರ್ತು’ ಸಂದೇಶ; ಕೈ ತೊಳೆಯುವಷ್ಟರಲ್ಲಿ ಬಂದ ಅದರ ಜ್ಞಾಪನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ವರದಿ ತುಂಬುವ ಫಾರಂ ಹೊತ್ತು ತಾವು ಗುಂಪಿಗೆ ಬರತೊಡಗಿದ ಮೇಲೆ ನಮ್ಮ ಶಾಲೆಯ ಗ್ರಂಥಾಲಯ ಬಹಳ ಸುಧಾರಿಸಿದೆ. ಮಕ್ಕಳು ಓದುತ್ತಿರುವ ಫೋಟೋಗಳಿಗೆ ಈಗ ಕೊರತೆಯೇ ಇಲ್ಲ. ಫೋಟೋದಲ್ಲಿ ಅಕ್ಷಾಂಶ ರೇಖಾಂಶ ಕಾಣಲೇಬೇಕೆಂದು ತಾವು ಬಯಸಿದ್ದರಿಂದ ಭೂಗೋಳದ ಒಂದು ಪಾಠವೂ ತಾನಾಗಿ ಮುಗಿಯಿತು. ಕಳೆದ ಸಲ ಹಿಂದಿನ ಸಾಲಿನ ಹುಡುಗನೊಬ್ಬ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದ. ನಾನು ಗಮನಿಸುವಷ್ಟರಲ್ಲಿ ಫೋಟೋ ಅಪ್‌ಲೋಡ್ ಆಗಿ ಹಸಿರು ಗುರುತೂ ಬಂದಿತ್ತು. ರೇಖಾಂಶ ಸರಿಯಿತ್ತಲ್ಲ, ಸಾಕು.

ಅವತ್ತೇ ಆರನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕ ಎದೆಗವಚಿಕೊಂಡು ಬಂದು ಕೇಳಿದಳು: “ಸರ, ಫೋಟೋ ಆತಲ್ರಿ. ಪುಸ್ತಕ ತಿರುಗಿ ಒಳಗ ಇಡೂದೇನ್ರಿ?” ತಮ್ಮ ಫಾರಂನಲ್ಲಿ ಈ ಪ್ರಶ್ನೆಗೆ ಕಾಲಂ ಇಲ್ಲ. ‘ಷರಾ’ ಎಂಬುದೊಂದಿದೆ. ಅದನ್ನು ತುಂಬದಿದ್ದರೆ ಸಬ್‌ಮಿಟ್ ಆಗುವುದಿಲ್ಲವಾದ್ದರಿಂದ ಎಲ್ಲ ಶಾಲೆಯವರೂ ಅಲ್ಲಿ ‘ಉತ್ತಮ’ ಎಂದೇ ಬರೆಯುತ್ತೇವೆ.

ನಾನು ಗದಗ ಸೀಮೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಗ್ರಂಥಾಲಯದ್ದು ಹೆಚ್ಚುವರಿ ಪ್ರಭಾರ. ಗ್ರಂಥಾಲಯವೆಂದರೆ ಮುಖ್ಯ ಗುರುಗಳ ಕೋಣೆಯಲ್ಲಿರುವ ಒಂದು ಕಬ್ಬಿಣದ ಕಪಾಟು. ಮೇಲಿನ ಖಾನೆಯಲ್ಲಿ ಕ್ರೀಡಾಕೂಟದ ಕಪ್ಪುಗಳು, ಕೆಳಗಿನದರಲ್ಲಿ ಹಾಲಿನ ಪುಡಿಯ ಪ್ಯಾಕೆಟ್ಟುಗಳು, ನಡುವೆ ವಾಙ್ಮಯ. ಪ್ರತಿ ಶಾಲೆಗೂ ಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕ ಇರುವ ಗ್ರಂಥಾಲಯ ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಮಟ್ಟ ನೋಡಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯದ ಅನುದಾನವೂ ಉಂಟು. ಪುಸ್ತಕಗಳು ಬರುತ್ತವೆ, ದಾಸ್ತಾನು ವಹಿಗೆ ಏರುತ್ತವೆ, ಕಪಾಟಿಗೆ ಇಳಿಯುತ್ತವೆ. ಅಲ್ಲಿಗೆ ಅವುಗಳ ಸೇವಾವಧಿ ಸುಗಮವಾಗಿ ಸಾಗುತ್ತದೆ.

ಈ ಬೇಸಿಗೆ ರಜೆಯಲ್ಲಿ ನನಗೊಂದು ಚಟ ಹತ್ತಿತು. ತಮ್ಮನ್ನು ಬಿಟ್ಟು ಅಂತರ್ಜಾಲದಲ್ಲಿ ಬೇರೆ ಏನಿದೆ ಎಂದು ನೋಡತೊಡಗಿದೆ. ತಮಗೆ ಹೇಳಲು ಸಂಕೋಚ, ಆದರೂ ಹೇಳುತ್ತೇನೆ: ವರದಿಯನ್ನೇ ಕೇಳದ ತಾಣಗಳು ಬೇಕಾದಷ್ಟಿವೆ! ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಚಿತ್ರಸಹಿತ ಕನ್ನಡ ಕಥೆಗಳನ್ನು ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ ಇಟ್ಟಿದ್ದಾರೆ. ಇಳಿಸಿಕೊಳ್ಳಬಹುದು, ಮುದ್ರಿಸಬಹುದು, ನಮ್ಮ ಮಾತಿಗೆ ಅನುವಾದಿಸಿ ಅಲ್ಲೇ ಪ್ರಕಟಿಸಲೂಬಹುದು, ಪರವಾನಗಿಯೇ ಹಾಗಿದೆ. ನಮ್ಮ ತಾಂಡಾದ ಮಕ್ಕಳು ಒಂದು ಕಥೆಯನ್ನು ಲಂಬಾಣಿಯಲ್ಲಿ ಹೇಳಿ, ಕನ್ನಡ ಲಿಪಿಯಲ್ಲಿ ಬರೆದರು. ಯಾವತ್ತೂ ಬಾಯಿ ಬಿಡದ ಹುಡುಗ ಅವತ್ತು ಉಳಿದವರ ತಪ್ಪು ತಿದ್ದುತ್ತಿದ್ದ. ಫೋಟೋ ತೆಗೆಯುವುದು ಮರೆತೇಹೋಯಿತು. ಹಾಗಾಗಿ ತಮ್ಮ ಲೆಕ್ಕದಲ್ಲಿ ಅದು ನಡೆದೇ ಇಲ್ಲ.

ವಚನ ಸಂಚಯ ಎಂಬ ತಾಣದಲ್ಲಿ ಒಂದು ಪದ ಹಾಕಿದರೆ ಅದು ಯಾವ ಯಾವ ಶರಣರ ವಚನದಲ್ಲಿ ಬಂದಿದೆ ಎಂದು ಸಾಲಾಗಿ ತೋರಿಸುತ್ತದೆ. ಐದನೆಯ ತರಗತಿಯವರು ಮೊದಲು ಹುಡುಕಿದ್ದು ‘ನಾಯಿ’. ಸಿಕ್ಕಿತು. ವಿಕಿಸೋರ್ಸ್‌ನಲ್ಲಿ ನಮ್ಮ ಗದುಗಿನ ವೀರನಾರಾಯಣನ ಕವಿಯ ಭಾರತವಿದೆ, ಮೈಸೂರು ವಿಶ್ವವಿದ್ಯಾನಿಲಯ ಮುಕ್ತವಾಗಿ ಬಿಟ್ಟುಕೊಟ್ಟ ಕನ್ನಡ ವಿಶ್ವಕೋಶದ ಬರಹಗಳಿವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದರೆ 2017ರಿಂದ ಇರುವ ದೀಕ್ಷಾ ವೇದಿಕೆಯ ಪಾಠ ತೆರೆದುಕೊಳ್ಳುತ್ತದೆ, ಸಿಗ್ನಲ್ ಇದ್ದರೆ. ನಮ್ಮಲ್ಲಿ ಸಿಗ್ನಲ್ ಇರುವುದು ಹುಣಸೆ ಮರದ ಬುಡದಲ್ಲಿ. ಅಲ್ಲಿ ನಾನು ತಮ್ಮ ಸೇವೆಯಲ್ಲಿರುತ್ತೇನೆ.

ಇಷ್ಟಾದ ಮೇಲೆ ಕಪಾಟಿನ ಪುಸ್ತಕಗಳಿಗೂ ಒಂದು ಆನ್‌ಲೈನ್ ಪಟ್ಟಿ ಮಾಡೋಣ ಎನ್ನಿಸಿತು. ದೊಡ್ಡ ಗ್ರಂಥಾಲಯಗಳಿಗೆ ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ಕೋಹಾ ತಂತ್ರಾಂಶ ಇದೆ, ನಮ್ಮ ಎನ್‌ಐಸಿಯವರ ಇ-ಗ್ರಂಥಾಲಯ ಇದೆ. ಒಂದು ಕಪಾಟಿಗೆ ಅಷ್ಟೆಲ್ಲ ಯಾಕೆ? ಗೂಗಲ್ ಶೀಟ್ ಸಾಕೆಂದೆ. ಹಿಂಬದಿಯ ಬಾರ್‌ಕೋಡ್‌ಗೆ ಮೊಬೈಲ್ ಹಿಡಿದರೆ ಪುಸ್ತಕದ ಜಾತಕವನ್ನೆಲ್ಲ ತಾನೇ ತುಂಬಿಕೊಳ್ಳುವ ಆ್ಯಪ್ ಒಂದನ್ನು ಹಾಕಿಕೊಂಡೆ. ಇಂಗ್ಲಿಷ್ ಪುಸ್ತಕಗಳನ್ನು ಅದು ಹೆಸರು ಹಿಡಿದು ಕರೆಯಿತು. ಕನ್ನಡದವನ್ನು ಕಂಡು ಪರಿಚಯವಿಲ್ಲವೆಂದಿತು. ಹಳೆಯ ಪುಸ್ತಕಗಳಿಗಂತೂ ಆ ಬಾರ್‌ಕೋಡ್‌ಗೆ ಆಧಾರವಾದ ಐಎಸ್‌ಬಿಎನ್ ಸಂಖ್ಯೆಯೇ ಇಲ್ಲ.

ಹೋಗಲಿ, ದಾಸ್ತಾನು ಪಟ್ಟಿಯನ್ನು ಯಾರೋ ಪುಣ್ಯಾತ್ಮರು ಎಂದೋ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದರಲ್ಲ ಎಂದು ಅದನ್ನೇ ತಂದು ಅಂಟಿಸಿದೆ. ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರದ್ದು. ಶೀಟ್‌ನಲ್ಲಿ ‘ಕನ್ನಡ’ ಎಂದಿರಬೇಕಾದ ಕಡೆ ಒಂದು ಇಂಗ್ಲಿಷ್ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಒಂದು ಎ, ಅದರ ಪಕ್ಕ ಪೌಂಡ್ ಚಿಹ್ನೆ! ಬ್ರಿಟಿಷರು 1947ರಲ್ಲೇ ಹೋದರು, ಅವರ ಪೌಂಡು ಮಾತ್ರ ನಮ್ಮ ದಾಸ್ತಾನು ಪಟ್ಟಿಯಲ್ಲಿ ಉಳಿದುಕೊಂಡಿದೆ. ಪರಿವರ್ತಕ ತಂತ್ರಾಂಶಗಳಿವೆ ಎಂದು ಗೊತ್ತಾಗಿ ಪಟ್ಟಿಯನ್ನು ಅವುಗಳಲ್ಲಿ ಹಾಯಿಸಿದರೂ ಒತ್ತಕ್ಷರಗಳು ಅಲ್ಲಲ್ಲಿ ಕಾಲು ಮುರಿದುಕೊಂಡವು. ಕೊನೆಗೆ ಏಳನೆಯ ತರಗತಿಯ ಹುಡುಗಿಯರು ಒಬ್ಬಳು ಹೇಳಿ ಒಬ್ಬಳು ಒತ್ತಿ ಪಟ್ಟಿಯನ್ನು ಹೊಸದಾಗಿ ಮಾಡಿದರು. ಆಗ ಆದದ್ದು ತಮ್ಮ ಯಾವ ತರಬೇತಿಯಲ್ಲೂ ಆಗದ ಕೆಲಸ. ಟೈಪ್ ಮಾಡಬೇಕೆಂದರೆ ಪುಸ್ತಕ ಕೈಗೆ ಬರಬೇಕು. ಕೈಗೆ ಬಂದದ್ದು ತೆರೆದುಕೊಂಡಿತು. ತೆರೆದದ್ದನ್ನು ಅವರು ಮುಚ್ಚಲಿಲ್ಲ, ಟೈಪಿಂಗ್ ನಿಂತಿತು.

ತೊಂದರೆ ಶುರುವಾದದ್ದು ‘ಮನೆಗೆ ಒಯ್ದವರು’ ಎಂಬ ಕಾಲಂ ಸೇರಿಸಿದ ಮೇಲೆ. ಹಿರಿಯ ಸಹೋದ್ಯೋಗಿಗಳು ನನ್ನನ್ನು ಪಕ್ಕಕ್ಕೆ ಕರೆದು, “ತಮ್ಮಾ, ನಿವೃತ್ತಿ ಆಗೂ ಮುಂದ ಬೇಬಾಕಿ ಪ್ರಮಾಣಪತ್ರ ಬೇಕಾಗತೈತಿ, ನೆನಪಿರಲಿ” ಎಂದರು. ಒಂದು ಪುಸ್ತಕ ಕಳೆದರೆ ಅದರ ಬೆಲೆ ನನ್ನ ಪಗಾರದಿಂದ. ಒಂದೂ ಕಳೆಯದಿದ್ದರೆ ನಾನು ದಕ್ಷ. ಓದಿಸದವನಿಗೆ ನೋಟಿಸಿಲ್ಲ, ಓದಿಸಿ ಕಳೆದವನಿಗೆ ವಸೂಲಿ. ಇಂಥ ವ್ಯವಸ್ಥೆಯಲ್ಲಿ ಕಪಾಟಿಗೆ ಬೀಗ ಹಾಕುವವನು ಸೋಮಾರಿಯಲ್ಲ ಮಹಾಶಯರೇ, ಸಂಸಾರಸ್ಥ.

ಈ ಬೀಗಕ್ಕೆ ವಿರುದ್ಧದ ಮಾತನ್ನು ಹೇಳಿದ ಮೇಷ್ಟ್ರೊಬ್ಬರಿದ್ದರು. ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಗ್ರಂಥಪಾಲರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದೇ ಬಳಕೆಗೆ ಎಂಬುದು ಮೊದಲನೆಯದು. ಅವರು ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವೊಂದನ್ನು ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ತಾವು ಅವತರಿಸುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಚಟ ಬಿಡದೆ ಹುಡುಕುತ್ತಾ ಹೋದಾಗ ಇನ್ನೊಂದು ಸಿಕ್ಕಿತು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಾವಳಿಯ 215ನೆಯ ನಿಯಮ: ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದರೆ, ಅದು ಸಹಜ ನಷ್ಟ. ವಿರಳ ಪುಸ್ತಕವಾಗಿದ್ದರೆ ಅಥವಾ ಬೆಲೆ ಸಾವಿರ ರೂಪಾಯಿ ಮೀರಿದ್ದರೆ ಮಾತ್ರ ತನಿಖೆ ಆಗಲೇಬೇಕು. ನಮ್ಮಲ್ಲಿ ಅಷ್ಟು ಬೆಲೆಬಾಳುವುದು ಕಪಾಟೊಂದೇ. ನಿಯಮದ ಜಾಣತನ ನೋಡಿ: ಸಾವಿರ ಸಲ ಕೊಟ್ಟರೆ ಐದು ಮಾಫಿ, ಸೊನ್ನೆ ಸಲ ಕೊಟ್ಟರೆ ಸೊನ್ನೆ. ಅದು ಕೇಂದ್ರದ್ದು; ನಮ್ಮ ಕಪಾಟಿನವರೆಗೆ ಅದರ ಗಾಳಿ ಬೀಸಿಲ್ಲ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಇಷ್ಟೇ. ಹೊಸ ಆ್ಯಪ್ ಬೇಡ, ಹೊಸ ಫಾರಂ ಬೇಡ, ಓದುವ ಸಪ್ತಾಹವೂ ಬೇಡ. ಮಕ್ಕಳು ಓದುವಾಗ ಹರಿದ, ಮನೆಗೆ ಒಯ್ದು ಕಳೆದ ಪುಸ್ತಕದ ಬೆಲೆಯನ್ನು ಶಿಕ್ಷಕರಿಂದ ವಸೂಲಿ ಮಾಡತಕ್ಕದ್ದಲ್ಲ ಎಂಬ ಒಂದು ಸಾಲಿನ ಆದೇಶವನ್ನು, ಮೇಲಿನವರಿಂದ ಸಹಿ ಹಾಕಿಸಿ, ಗುಂಪಿಗೆ ಕಳಿಸಿ. ಎಷ್ಟು ರಾತ್ರಿಯಾದರೂ ಸರಿ, ಎದ್ದಿರುತ್ತೇನೆ.

ತಮ್ಮ ವಿಶ್ವಾಸಿ,
ಗ್ರಂಥಾಲಯ ಉಸ್ತುವಾರಿ ಶಿಕ್ಷಕ (ಹೆಚ್ಚುವರಿ ಪ್ರಭಾರ)