ಅಶೋಕನ ಮಾತು, ಅಪ್ಪನ ಹೆಗಲು

ಚಳ್ಳಕೆರೆಯಲ್ಲಿ ಬಸ್ ಹತ್ತುವಾಗ ಮಕ್ಕಳಿಬ್ಬರೂ ಬ್ರಹ್ಮಗಿರಿಯನ್ನೇ ಕಿತ್ತು ತರುವವರಂತಿದ್ದರು. ಎಣ್ಣೆ ಗಿರಣಿಗಳ ಊರು ದಾಟುವ ಮೊದಲೇ ಶೇಂಗಾ ಪೊಟ್ಟಣ ಖಾಲಿ. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದಲ್ಲಿ ಇಳಿಯುವ ಹೊತ್ತಿಗೆ ಚಿಕ್ಕವನ ಬ್ಯಾಟರಿಯೂ ಖಾಲಿ. “ಇನ್ನೆಷ್ಟು ದೂರ?” ಹನ್ನೆರಡನೇ ಸಲವೂ “ಇಲ್ಲೇ” ಎಂದೆ.

ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವ ‘ಅಕ್ಷರಗುಂಡು’ ಎಂಬ ಬಂಡೆಯ ಮುಂದೆ ನಿಂತು ಶುರುಮಾಡಿದೆ: 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ್ದು, ಬ್ರಾಹ್ಮಿ ಲಿಪಿ, 2,200 ವರ್ಷಕ್ಕೂ ಹಳೆಯದು, ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು ಅಂತ ಅಶೋಕ ಕೆತ್ತಿಸಿದ್ದಾನೆ. ಸತ್ಯದ ಭಾಗವನ್ನು ಸ್ವಲ್ಪ ಬೇಗ ಮುಗಿಸಿದೆ.

“ಅಶೋಕನ ಮಕ್ಕಳು ಮಾತು ಕೇಳ್ತಿದ್ರಾ?” ಅಂದಳು ದೊಡ್ಡವಳು. ಕೇಳುತ್ತಿದ್ದರೆ ಬಂಡೆಗೆ ಉಳಿ ಹಿಡಿಸುವ ಗೋಜು ಅವನಿಗೇಕಿತ್ತು?

ಅಷ್ಟರಲ್ಲಿ ಚಿಕ್ಕವನು ನನ್ನ ಹೆಗಲ ಮೇಲೆ ನಿದ್ದೆ, ಜೊಲ್ಲು ಕಾಲರಿನೊಳಗೆ. ಜಟಾಯು ಬಿದ್ದನೆಂದು ಹೇಳುವ ಜಟಿಂಗ ರಾಮೇಶ್ವರ ಬೆಟ್ಟ ಪಕ್ಕದಲ್ಲೇ ಇತ್ತು. ಮೆಟ್ಟಿಲು ನೆನೆದೇ ನನ್ನ ಮೊಳಕಾಲುಗಳು ಕೈಕೊಟ್ಟವು. ದೂರದಿಂದಲೇ ಕೈಮುಗಿದು ಮೊಳಕಾಲ್ಮೂರಿನ ರೇಷ್ಮೆ ಸೀರೆ ಅಂಗಡಿ ಹೊಕ್ಕೆವು. ಅಲ್ಲಿ ಹಾಸಿದ್ದ ಬಿಳಿ ಗಾದಿ ಕಂಡದ್ದೇ ಚಿಕ್ಕವನಿಗೆ ಎಚ್ಚರ, ಲಾಗ ಹೊಡೆಯತೊಡಗಿದ. ಅದೇ ಗಾದಿಯ ಮೂಲೆಯಲ್ಲಿ ನಾನು ಗೊರಕೆ ಹೊಡೆದೆನಂತೆ. ಸಾಕ್ಷಿ ಹೇಳಲು ಅಂಗಡಿಯವರೆಲ್ಲ ಸಿದ್ಧರಿದ್ದರು.