ಅಸುರಗುರು, ದೇವಗುರುಗಳಿಗೆ ಸನ್ಮಾನ

ಮಾನ್ಯ ಶುಕ್ರಾಚಾರ್ಯರೇ, ಪೂಜ್ಯ ಬೃಹಸ್ಪತಿಗಳೇ, ಶರಾವತಿ ಹಿನ್ನೀರಿನ ದಂಡೆಯಲ್ಲಿ ಕಂಬಳಿ ಹೊದ್ದು ಕೂತ ಹೊನ್ನೆಮರಡಿನ ಬಂಧುಗಳೇ,

ಅಸುರರ ಗುರುವಿಗೂ ದೇವತೆಗಳ ಗುರುವಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅಂಥವರನ್ನು ಒಂದೇ ಕಡತದೊಳಗೆ ಕೂರಿಸಿದ ಕೀರ್ತಿ ನಮ್ಮ ಸೇನೆಗೆ ಸಲ್ಲಬೇಕು. 2012ರ ಆಗಸ್ಟ್‌ನಿಂದ 2013ರ ಫೆಬ್ರುವರಿವರೆಗೆ ಲಡಾಖ್ ಗಡಿಯ ಸರೋವರವೊಂದರ ಮೇಲೆ ಈ ಮಹನೀಯರು 329 ಸಲ ಕಾಣಿಸಿಕೊಂಡರು. ಅದರಲ್ಲಿ 155 ಸಲ ಗಡಿ ದಾಟಿದರೆಂದು ದಾಖಲಾಯಿತು. ಚೀನಾದ ಡ್ರೋನ್ ಇರಬೇಕೆಂದು ಗುಮಾನಿ! ಪಾಪ, ಇವರು ಮಾಡಿದ ತಪ್ಪು ಪೂರ್ವದಲ್ಲಿ ಮೂಡಿದ್ದು. ಲಡಾಖಿನಲ್ಲಿ ಪೂರ್ವಕ್ಕೆ ಚೀನಾ. ನಮಗೆ ಪೂರ್ವಕ್ಕೆ ಸಾಗರ ಪೇಟೆ. ಆ ಕಡೆಯಿಂದ ಬೆಳ್ಳಿ ಮೂಡಿದರೆ ನಾವು ಹಾಲು ಕರೆಯಲು ಕೊಟ್ಟಿಗೆಗೆ ಹೋಗುತ್ತೇವೆ, ದೂರು ಕೊಡಲು ಠಾಣೆಗಲ್ಲ.

ಆದರೂ ಕಾವಲಿನವರನ್ನು ನೋಡಿ ನಗಬೇಡಿ. ಮೂಳೆ ಕೊರೆಯುವ ಚಳಿಯಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟರು. ತಿಳಿಯದ್ದನ್ನು ಬಲ್ಲವರಲ್ಲಿ ಕೇಳಿದರು. ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು ಲೆಕ್ಕ ಹಾಕಿ, ಆರೋಪಿಗಳು ಶುಕ್ರ ಮತ್ತು ಗುರು ಎಂದರು. ಪ್ರಕರಣ ಮುಗಿಯಿತು. ಅಮೆರಿಕದ ವಾಯುಪಡೆ ‘ಪ್ರಾಜೆಕ್ಟ್ ಬ್ಲೂ ಬುಕ್’ ಎಂದು 1947ರಿಂದ 1969ರವರೆಗಿನ 12,618 ‘ಹಾರುವ ತಟ್ಟೆ’ ದೂರು ಜಾಲಾಡಿ, 701ಕ್ಕೆ ಗುರುತು ಸಿಗದೆ ಕೈತೊಳೆದುಕೊಂಡಿತು. ನಮ್ಮದು ಬಾಕಿ ಚುಕ್ತಾ.

ಆಕಾಶದ ಬಾಕಿ ಮಾತ್ರ, ಅನ್ನಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು, ಈ ನೀರಿನಡಿ ಗದ್ದೆ, ತೋಟ, ಮನೆಗಳು ಮುಳುಗಿದವು. ಬೆಂಗಳೂರಿಗೆ ಬೆಳಕು ಹೋಯಿತು. ಮುಳುಗಡೆಯವರ ಹಕ್ಕುಪತ್ರದ ಕಡತವೋ, ಅಂದಿನಿಂದ ಸಾಗರ, ಶಿವಮೊಗ್ಗ, ಬೆಂಗಳೂರು ಎಂದು ಕಚೇರಿಯಿಂದ ಕಚೇರಿಗೆ ಹಾರುತ್ತಲೇ ಇದೆ. ಗುರುತು ಸಿಗದ ಹಾರುವ ವಸ್ತು ಎಂದರೆ ಇದಪ್ಪಾ! ಇದರ ಬೆನ್ನಟ್ಟಲು ಯಾವ ವಿಮಾನವೂ ಏರಲಿಲ್ಲ. ಮಾನ್ಯ ಗ್ರಹಗಳೇ, ಗಡಿ ದಾಟುವ ಅಭ್ಯಾಸ ತಮಗೆ ಹೇಗೂ ಇದೆ. ಯಾವುದಾದರೂ ಮೇಜಿನ ಮೇಲೆ ಅದು ಕಂಡರೆ ದಯವಿಟ್ಟು ತಿಳಿಸಿ.

ಗೌರವಾರ್ಪಣೆಯಲ್ಲಿ ಸಣ್ಣ ಲೋಪವಾಗಿದೆ, ಕ್ಷಮೆಯಿರಲಿ. ಗುರುಗಳ ಅಡ್ಡಳತೆ ಭೂಮಿಯ ಹನ್ನೊಂದು ಪಟ್ಟು. ಆ ತಲೆಗೊಪ್ಪುವ ಮೈಸೂರು ಪೇಟ ಸಾಗರದ ಅಂಗಡಿಗಳಲ್ಲಿ ಸಿಗಲಿಲ್ಲ. ಅಡಿಕೆ ಹಾರವನ್ನು ನೀರಿಗೇ ಅರ್ಪಿಸುತ್ತೇವೆ, ಅಲ್ಲಿ ತಮ್ಮ ಬಿಂಬವಿದೆ.

ಈಗ ವೇದಿಕೆಯ ಫೋಕಸ್ ಲೈಟು ಯಾರಾದರೂ ಆರಿಸಿ, ಮಾರಾಯ್ರೇ. ಸನ್ಮಾನಿತರು ಕಾಣುತ್ತಿಲ್ಲ.