ಡಿಗ್ರಿ ಆಗ್ಯಾನ

ಬಳ್ಳಾರಿ ಸೀಮೆಯಲ್ಲಿ ಡಿಗ್ರಿಯನ್ನು ಯಾರೂ ಪಡೆಯುವುದಿಲ್ಲ, 'ಡಿಗ್ರಿ ಆಗು'ತ್ತಾರೆ. ಮದುವೆ ಆದಂತೆ, ಕಾಮಾಲೆ ಆದಂತೆ. ಆದಮೇಲೆ ಮನುಷ್ಯ ಮೊದಲಿನಂತೆ ಇರುವುದಿಲ್ಲ.

ಆದವನು ಸಿರುಗುಪ್ಪದ ಭತ್ತದ ಗದ್ದೆಯವನು, ಇಲ್ಲವೇ ಕುರುಗೋಡಿನ ಮೆಣಸಿನಕಾಯಿ ಹೊಲದವನು. ಬೆಳಗಿನ ಬಸ್ಸಿಗೆ ನೇತಾಡಿ ಮೂರು ವರ್ಷ ಬಿ.ಎ. ಓದಿರುತ್ತಾನೆ. ಅವನ ಅಪ್ಪನ ಕಾಲದಲ್ಲಿ ಸರ್ಟಿಫಿಕೇಟು ಗುಲ್ಬರ್ಗದಿಂದ ಬರಬೇಕಿತ್ತು. 2010ರಲ್ಲಿ ಬಳ್ಳಾರಿಗೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು. ಸರ್ಟಿಫಿಕೇಟು ಎಷ್ಟು ಹತ್ತಿರ ಬಂತೋ ಕೆಲಸ ಅಷ್ಟೇ ದೂರ ಸರಿಯಿತೆಂಬುದು ಅಪ್ಪನ ಲೆಕ್ಕ.

ಡಿಗ್ರಿ ಆದವನಿಗೆ ಮೊದಲು ಹೋಗುವುದು ಸೊಂಟ. ನಾಟಿಗೆ ಬಗ್ಗಲಾರ. ಊರಿಗೆ ಊರೇ ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಜೀನ್ಸ್ ತೊಡುತ್ತಾನೆಯೇ ಹೊರತು ಮಷೀನಿನ ಮುಂದೆ ಕೂಡಲಾರ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆ ಹೋದರೆ ಐಟಿಐ, ಡಿಪ್ಲೊಮಾ ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಆದಮೇಲೆ ಐಟಿಐ ಸೇರಿದ 'ದಡ್ಡ' ಗೆಳೆಯ ಅಲ್ಲಿಂದ ಬೈಕಿನಲ್ಲಿ ಬಂದು ಇವನಿಗೆ ಒಗ್ಗರಣಿ-ಮಿರ್ಚಿ ಕೊಡಿಸುತ್ತಾನೆ. ಪದವೀಧರ ಅದನ್ನು ಗಾಂಭೀರ್ಯದಿಂದಲೇ ತಿನ್ನುತ್ತಾನೆ.

ಉಳಿದದ್ದು ಸರ್ಕಾರಿ ನೌಕರಿ. ಯಾರು ಕೇಳಿದರೂ ಮನೆಯವರ ಉತ್ತರ ಒಂದೇ: 'ಎಗ್ಜಾಮಿಗೆ ಓದಾಕತ್ಯಾನ.' ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಆಗಿದೆ. ಆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಸಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಮೀಸಲು. ತೊಂದರೆಯೆಂದರೆ ಆ ಸ್ಥಳೀಯರೆಲ್ಲ ಅದೇ ಗ್ರಂಥಾಲಯದಲ್ಲಿ ಅವನ ಪಕ್ಕದಲ್ಲೇ ಕೂತಿರುತ್ತಾರೆ. 2024ರಲ್ಲಿ 1,000 ಗ್ರಾಮ ಆಡಳಿತ ಅಧಿಕಾರಿಗಳಿಗೆ ಅರ್ಜಿ ಕರೆದಾಗ ಕೇಳಿದ ಅರ್ಹತೆ ಪಿಯುಸಿ. ಡಿಗ್ರಿಯನ್ನು ಟ್ರಂಕಿನೊಳಗಿಟ್ಟು, ಅದರ ತಳದಿಂದ ಪಿಯುಸಿ ಅಂಕಪಟ್ಟಿ ತೆಗೆಯಬೇಕಾಯಿತು.

ಡಿಗ್ರಿಯ ಹೆಸರಿನಲ್ಲಿ ಅವನ ಕೈಗೆ ಬರುವ ಮೊದಲ ದುಡ್ಡು ಸರ್ಕಾರದ ಯುವನಿಧಿ ಯೋಜನೆಯದು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವನಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಆಗಾಗ 'ನಾನು ನಿರುದ್ಯೋಗಿ' ಎಂದು ಸ್ವಯಂ ಘೋಷಣೆ ಕೊಡುತ್ತಿರಬೇಕು. ಇಷ್ಟು ತಪ್ಪದೆ ಹಾಜರಿ ಹಾಕುವ ನೌಕರ ಯಾವ ಕಚೇರಿಯಲ್ಲೂ ಇರಲಾರ.

ಡಿಗ್ರಿ ದುಡಿಯುತ್ತಿದ್ದುದು ಹೆಣ್ಣು ನೋಡುವ ಮನೆಯಲ್ಲಿ. 'ಡಿಗ್ರಿ ಆಗ್ಯಾನ' ಎಂದರೆ ಆಗ ಮುಂದಿನ ಪ್ರಶ್ನೆ ಇರಲಿಲ್ಲ, ಉಪ್ಪಿಟ್ಟು ಬರುತ್ತಿತ್ತು. ಈಗ ಹುಡುಗಿಗೂ ಡಿಗ್ರಿ ಆಗಿದೆ, ಮೇಲೆ ಬಿ.ಎಡ್. ಬೇರೆ. ಹೀಗಾಗಿ ಬೀಗರಾಗುವವರು 'ಹೊಲ ಎಷ್ಟೈತಿ?' ಎನ್ನುತ್ತಾರೆ. ಅಪ್ಪ ಎಕರೆ ಎಣಿಸುತ್ತಾನೆ. ವರ ಪಕ್ಕದಲ್ಲಿ ಕೂತು ಫೋನಿನಲ್ಲಿ ಕೀ ಉತ್ತರ ತಾಳೆ ನೋಡುತ್ತಿರುತ್ತಾನೆ.